ಅಥಣಿಯ ಏಕಾಂತ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆ ತಂಬಾಕಿಗೂ ಕಬ್ಬಿಗೂ ಹೆಸರಾದಂತೆ ಏಕಾಂತಪ್ರಿಯರಿಗೂ ತವರು. ನದಿ ಇಂಗಳಗಾಂವದಲ್ಲಿ 1836ರಲ್ಲಿ ಜನಿಸಿ 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳನ್ನಾಗಲಿ, ಭೋಜದ ಶಾಂತಿಸಾಗರ, ಶೇಡಬಾಳದ ವಿದ್ಯಾನಂದ, ಸದಲಗೆಯ ವಿದ್ಯಾಸಾಗರ ಮುನಿಗಳನ್ನಾಗಲಿ ವಾಚಕರಿಗೆ ಪರಿಚಯಿಸಬೇಕಾದುದಿಲ್ಲ. ಶಿವಯೋಗಿಗಳ ಪವಾಡಕಥೆಗಳಲ್ಲಿ ನನಗೆ ಅಷ್ಟೇನೂ ವಿಶ್ವಾಸವಿಲ್ಲ. ಆದರೆ ಏಕಾಂತವನ್ನರಸಿದ ಆ ಮಹನೀಯರು ಅಡವಿಗೆ ತೆರಳದೆ ಅಥಣಿಯಂಥ ಪೇಟೆಯೂರಿನ ಗಚ್ಚಿನಮಠದಲ್ಲಿ ನೆಲೆನಿಂತರೆಂಬುದೂ, ಅತ್ಯಂತ ನಿಸ್ಸಂಗನಾದ ದಿಗಂಬರ ಮುನಿಯೂ ಉಪವಾಸವಿಲ್ಲದ ದಿನ ಶ್ರಾವಕರು ನೀಡಿದುದನ್ನೇ ಬೊಗಸೆಯೊಡ್ಡಿ ಸ್ವೀಕರಿಸಬೇಕೆಂಬುದೂ ಬಹುಕಾಲದಿಂದ ನನ್ನನ್ನು ಕಾಡಿದ ಸಂಗತಿಗಳು.

ಮೊನ್ನೆ ಗಚ್ಚಿನಮಠದಲ್ಲಿ ಮುದುಕಿಯೊಬ್ಬಳು ಗೋಡೆಯ ಮಗ್ಗುಲಿಗೆ ಕುಳಿತು, ಕೊರಳಿನ ಕರಡಿಗೆಯನ್ನು ಬಿಚ್ಚಿ, ಹಣೆಗೆ ವಿಭೂತಿಯನ್ನು ಬಳಿದು, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡಳು. ದೀಪ ಅವಳ ಎದುರಿಗಿರಲಿಲ್ಲ, ಭುಜದ ಹಿಂದೆ ಇತ್ತು! ಇದೇಕೆಂದು ನಾನು ಬಗ್ಗಿ ನೋಡಿದೆ. ಭಸ್ಮವನ್ನು ಎಣ್ಣೆಯಲ್ಲಿಯೋ ತುಪ್ಪದಲ್ಲಿಯೋ ಕಲಸಿ ಲಿಂಗದ ಕಲ್ಲಿಗೆ ಮೆತ್ತುವ ಕಪ್ಪು ಲೇಪ ಕನ್ನಡಿಯಂತೆ ನುಣುಪಾಗಿರುವುದರಿಂದ, ಹಿಂದಣ ಜ್ವಾಲೆಯು ಅದರಲ್ಲಿ ಸಾಸಿವೆಯಷ್ಟು ಬೆಳಕಾಗಿ ಮೂಡುತ್ತದೆ. ದೃಷ್ಟಿ ಆ ಬಿಂದುವಿನಲ್ಲಿ ನೆಡಬೇಕು, ಕೈ ಅಲುಗಿದರೆ ಬಿಂದುವೂ ಅಲುಗುತ್ತದೆ. ಮನಸ್ಸಿನ ಚಾಂಚಲ್ಯವನ್ನು ಅಂಗೈಯಲ್ಲಿಯೇ ತೋರಿಸಿಕೊಡುವ ಇಂಥ ಉಪಾಯವನ್ನು ಹೂಡಿದವರ ಬುದ್ಧಿಗೆ ನಾನು ತಲೆಬಾಗಿದೆ. ಜೊತೆಯಲ್ಲಿ ಬಂದಿದ್ದ ಗೆಳೆಯರು ಹೊರಡಲು ಅವಸರಪಡಿಸಿದರೂ ಅಲ್ಲಿಂದ ಏಳಲಿಲ್ಲ.

ನಡುವೆ ಅವಳ ಚೀಲದೊಳಗಿನ ಫೋನು ಬಡಿದುಕೊಂಡಿತು. ರೆಪ್ಪೆ ಅಲುಗಲಿಲ್ಲ.

ಪೂಜೆ ಮುಗಿದ ಮೇಲೆ ಮಾತಿಗೆಳೆದೆ. ಗಂಡ ತೀರಿಕೊಂಡಿದ್ದಾನೆ; ಮಗ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುತ್ತಾನೆ. "ದಿನಾ ಎಲ್ಲಾ ದನದ್ದು, ಕಬ್ಬಿಂದು ಆಗ್ತೈತ್ರಿ. ಈ ತಾಸೊಂದು ನಂದು" ಎಂದಳು. ಮನೆಯಲ್ಲಿಯೇ ಮಾಡಬಹುದಲ್ಲವೇ ಯವ್ವಾ ಎಂದುದಕ್ಕೆ, "ಆಗತೈತಿ ಬಿಡ್ರಿ, ಆದ್ರ ಇಲ್ಲೆ ಮುಗಿಸಿದ ಮ್ಯಾಲ ಮಾತಾಡಾಕ ನಾಕ ಮಂದಿ ಸಿಗ್ತಾರ" ಎಂದು ನಕ್ಕಳು. ಶಿವಯೋಗಿಗಳು ಅಡವಿಯನ್ನೇಕೆ ಬಯಸಲಿಲ್ಲವೆಂಬುದಕ್ಕೆ ಇದಕ್ಕಿಂತ ಸಮರ್ಪಕವಾದ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಅಷ್ಟರಲ್ಲಿ ಅವಳು ಫೋನನ್ನು ಹೊರತೆಗೆದು ಮಗನಿಗೆ ತಾನೇ ಕರೆಮಾಡಿದಳು. "ಈ ಹೊತ್ತಿನ್ಯಾಗ ಹಚ್ಚಬ್ಯಾಡಂತ ಎಷ್ಟ ಸಲ ಹೇಳೀನೋ?" ಎಂದು ಗದರಿ, ಬಳಿಕ ಮೊಮ್ಮಗಳ ಶಾಲೆಯ ಸಮಾಚಾರವನ್ನು ಮಠದ ಅಂಗಳಕ್ಕೆಲ್ಲ ಕೇಳುವಂತೆ ವಿಚಾರಿಸತೊಡಗಿದಳು.