ತಂಬಾಕಿನ ಪೊಟ್ಟಣದ ಹಕ್ಕಿಗಳು

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ (ಸು. 1129) ಡೇಗೆಯ ಬೇಟೆಯೂ ಒಂದು ರಾಜವಿನೋದ. ಅರಸರ ಆಸ್ಥಾನಕ್ಕೆ ಸಂದಿದ್ದ ಇಂತಹ ಪಕ್ಷಿವಿನೋದವು ಚಿತ್ರರೂಪದಲ್ಲಿ ಸಾಮಾನ್ಯರ ಜೇಬನ್ನು ಸೇರಿದ ಬಗೆಗಳಲ್ಲಿ ಸಿಗರೇಟಿನ ಪೊಟ್ಟಣವೂ ಒಂದೆಂಬುದು ಕುತೂಹಲಕರ ಸಂಗತಿ.

ಹತ್ತೊಂಬತ್ತನೆಯ ಶತಮಾನದ ಪೊಟ್ಟಣ ಮೆದುಕಾಗದದ್ದು. ಒಳಗಿನ ಸಿಗರೇಟು ನಲುಗದಿರಲೆಂದು ಇಡುತ್ತಿದ್ದ ರಟ್ಟಿನ ತುಂಡೇ ಮುಂದೆ ಚಿತ್ರಫಲಕವಾಯಿತು. ಅಮೆರಿಕದ ರಿಚ್ಮಂಡ್ ನಗರದ ಆಲೆನ್ ಅಂಡ್ ಗಿಂಟರ್ ಕಂಪನಿಯು 1888ರಲ್ಲಿ ಅಮೆರಿಕದ ಪಕ್ಷಿಗಳ ಮಾಲೆಯನ್ನೂ ಅನಂತರ ಉಷ್ಣವಲಯದ ಪಕ್ಷಿಗಳು, ಜಗತ್ತಿನ ಹಾಡುಹಕ್ಕಿಗಳು ಎಂಬ ಮಾಲೆಗಳನ್ನೂ ಬಣ್ಣದ ಕಲ್ಲಚ್ಚಿನಲ್ಲಿ ಹೊರತಂದಿತು. ಮಾಲೆಯೊಂದಕ್ಕೆ 50 ಚಿತ್ರಗಳು. ವ್ಯಾಪಾರದ ಜಾಣ್ಮೆಯೆಲ್ಲ ಈ ಸಂಖ್ಯೆಯಲ್ಲಿಯೇ ಅಡಗಿದೆ. 49 ಹಕ್ಕಿಗಳು ಕೈಸೇರಿದವನಿಗೆ ಉಳಿದೊಂದರ ಹಂಬಲ. ಅದು ಯಾವ ಪೊಟ್ಟಣದಲ್ಲಿದೆಯೋ ತಿಳಿಯದು. ಸೇದುವವನು ತಂದೆ, ಕೂಡಿಡುವವನು ಮಗ. ಕೊಳ್ಳುಬಾಕ ಸಂಸ್ಕೃತಿಯ ಮೂಲಸೂತ್ರವಾದ ‘ಇನ್ನೂ ಒಂದು’ ಎಂಬುದನ್ನು ಎಳೆಯರ ಮನಸ್ಸಿನಲ್ಲಿ ಬಿತ್ತಿದವುಗಳಲ್ಲಿ ಈ ಹಕ್ಕಿಗಳೂ ಸೇರಿವೆ.

ಹಾಗೆಂದು ಇವನ್ನು ಕೇವಲ ಆಮಿಷವೆಂದು ತಳ್ಳಿಹಾಕಲಾಗದು. ಬ್ರಿಟನ್ನಿನ ಜಾನ್ ಪ್ಲೇಯರ್ ಅಂಡ್ ಸನ್ಸ್ 1932ರಲ್ಲಿ ಹೊರಡಿಸಿದ ಕಾಡುಹಕ್ಕಿಗಳ ಮಾಲೆಯಲ್ಲಿ ಪ್ರತಿ ಚಿತ್ರದ ಬೆನ್ನಿಗೂ ಆ ಹಕ್ಕಿಯ ವಿವರವಿತ್ತು. ಪುಸ್ತಕ ಕೊಳ್ಳಲಾಗದ ಮನೆಗೆ ಅದೇ ಪಕ್ಷಿಶಾಸ್ತ್ರ! ಕಾಗದದ ಅಭಾವದಿಂದ 1940ರ ಸುಮಾರಿಗೆ ಅಲ್ಲಿ ಈ ಪದ್ಧತಿ ನಿಂತಿತು.

ನಮ್ಮಲ್ಲಿ ಚಿತ್ರಕ್ಕೆ ಬೇರೆಯದೇ ಕೆಲಸವಿತ್ತು. ಮಂಗಳೂರಿನ ಗಣೇಶ ಬೀಡಿಯ ಕಟ್ಟಿನ ಮೇಲೆ ಗಣೇಶನೇ ಇರಬೇಕು. ಕಳವಾದಿಂದ ಹೊರಟು ಕಲ್ಯಾಣ ದಾಟಿದರೆ ಸಿಗುವ ಅಂಬರನಾಥದಲ್ಲಿ ಕಾರ್ಖಾನೆ ಹೊಂದಿದ್ದ ವಿಮ್ಕೋ ಕಂಪನಿಯ (ಸ್ಥಾಪನೆ 1923) ‘ಶಿಪ್’ ಬೆಂಕಿಪೆಟ್ಟಿಗೆಯ ಮೇಲೆ ಹಡಗೇ ಇರಬೇಕು. ಅಕ್ಷರ ಬಾರದವನೂ ಗುರುತು ಹಿಡಿದು ಕೇಳಬೇಕಾದ ಪೇಟೆಯಲ್ಲಿ ಚಿತ್ರ ಬದಲಾದರೆ ಗಿರಾಕಿ ಕೈತಪ್ಪಿದಂತೆಯೇ. ಅಲ್ಲಿ ಚಿತ್ರ ಬದಲಾಗುತ್ತಿದ್ದುದರಿಂದ ಮಾರಾಟ, ಇಲ್ಲಿ ಬದಲಾಗದಿದ್ದುದರಿಂದ ಮಾರಾಟ. ಈ ಭೇದವನ್ನು ಮರೆತು ನಮ್ಮ ಬೀಡಿಯ ಲೇಬಲ್ಲುಗಳನ್ನು ಪಾಶ್ಚಾತ್ಯ ಫಲಕಗಳ ಬಡ ಅನುಕರಣೆಯೆಂದು ಬಗೆಯುವುದು ಸರಿಯಲ್ಲ.

ಭಾರತದಲ್ಲಿ 2009ರ ಮೇ 31ರಿಂದ ತಂಬಾಕಿನ ಪೊಟ್ಟಣದ ಮೇಲೆ ರೋಗದ ಚಿತ್ರ ಕಡ್ಡಾಯವಾಯಿತು. 2016ರ ಏಪ್ರಿಲಿನಿಂದ ಅದಕ್ಕೆ ಶೇ. 85ರಷ್ಟು ಜಾಗ ಮೀಸಲಾಯಿತು. ನೋಡಿ ನೋಡಿ ಕಣ್ಣಿಗೆ ಒಗ್ಗಿಹೋಗದಿರಲೆಂದು ಆ ಚಿತ್ರಗಳನ್ನೂ ಕಾಲಕಾಲಕ್ಕೆ ಬದಲಿಸಲಾಗುತ್ತಿದೆ.