ಜೀರ್ಣನಾಳದ ಗೆಡ್ಡೆಗಳಲ್ಲಿ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್

ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಎಂಬುದು ರಕ್ತನಾಳಕ್ಕೆ ಸೂಕ್ಷ್ಮ ಅನಿಲಗುಳ್ಳೆಗಳ ದ್ರಾವಣವನ್ನು ಚುಚ್ಚಿ, ಅಂಗಾಂಶದೊಳಗಿನ ರಕ್ತಸಂಚಾರವನ್ನು ಶ್ರವಣಾತೀತ ಧ್ವನಿತರಂಗಗಳ ಮೂಲಕ ವೀಕ್ಷಿಸುವ ವಿಧಾನ. ಜಠರ ಮತ್ತು ಕರುಳಿನ ಭಿತ್ತಿಯಲ್ಲಿ ಬೆಳೆಯುವ ಗೆಡ್ಡೆಗಳು, ಮುಖ್ಯವಾಗಿ ಜಿಸ್ಟ್ ಎಂಬ ಗೆಡ್ಡೆ, ಎಷ್ಟು ಅಪಾಯಕಾರಿ ಎಂಬುದನ್ನು ಅಂದಾಜಿಸಲು ಇದು ನೆರವಾಗುತ್ತದೆ.

ಕಾರ್ಯವಿಧಾನ

ಗುಳ್ಳೆಗಳಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್‌ನಂತಹ ಅನಿಲವಿರುತ್ತದೆ. ಇವು ಕೆಂಪು ರಕ್ತಕಣದಷ್ಟೇ ಅಥವಾ ಅದಕ್ಕಿಂತ ಚಿಕ್ಕದಾಗಿದ್ದು, ರಕ್ತನಾಳಗಳಿಂದ ಹೊರಸೋರುವುದಿಲ್ಲ. ಅನಿಲವು ಉಸಿರಿನ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡಕ್ಕೆ ಹೊರೆಯಾಗದು, ವಿಕಿರಣವೂ ಇಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ಉಂಟಾಗಬಹುದು. ಜಠರದ ಭಿತ್ತಿಯ ಸಣ್ಣ ಗೆಡ್ಡೆಗಳನ್ನು ನೋಡಲು ಎಂಡೋಸ್ಕೋಪ್‌ನ ತುದಿಯಲ್ಲಿರುವ ಅಲ್ಟ್ರಾಸೌಂಡ್ ಹೆಚ್ಚು ಸೂಕ್ತ.

ಅಪಾಯದ ಅಂದಾಜು

ಜಿಸ್ಟ್‌ಗೆ ಸಾಮಾನ್ಯವಾಗಿ ರಕ್ತಪೂರೈಕೆ ಹೆಚ್ಚು. ಸೌಮ್ಯ ಸ್ನಾಯುಗೆಡ್ಡೆಗೆ ಕಡಿಮೆ. ಗೆಡ್ಡೆಯೊಳಗೆ ಅಂಕುಡೊಂಕಾದ ರಕ್ತನಾಳಗಳು, ಅಸಮವಾದ ಹೊಳಪು ಹಾಗೂ ಗುಳ್ಳೆಗಳು ತಲುಪದ ಸತ್ತ ಅಂಗಾಂಶದ ಭಾಗಗಳು ಕಂಡರೆ ಹೆಚ್ಚಿನ ಅಪಾಯದ ಶಂಕೆ ಮೂಡುತ್ತದೆ.

ಮಿತಿಗಳು

ಜಿಸ್ಟ್‌ನ ಅಪಾಯವನ್ನು ಗೆಡ್ಡೆಯ ಗಾತ್ರ, ಸ್ಥಾನ ಮತ್ತು ಕೋಶವಿಭಜನೆಯ ಸಂಖ್ಯೆಗಳಿಂದ ನಿರ್ಧರಿಸಲಾಗುತ್ತದೆ. ಒಂದೇ ಗಾತ್ರದ ಗೆಡ್ಡೆ ಜಠರಕ್ಕಿಂತ ಸಣ್ಣ ಕರುಳಿನಲ್ಲಿ ಹೆಚ್ಚು ಅಪಾಯಕಾರಿ. ಕೋಶವಿಭಜನೆಯನ್ನು ಸೂಕ್ಷ್ಮದರ್ಶಕದಲ್ಲಿ ಮಾತ್ರ ಎಣಿಸಬಹುದು. ಆದ್ದರಿಂದ ಈ ಪರೀಕ್ಷೆ ಬಯಾಪ್ಸಿಗೆ ಪರ್ಯಾಯವಲ್ಲ; ಚಿತ್ರದಲ್ಲಿ ಶಂಕೆ ಕಾಣದಿರುವುದು ಗೆಡ್ಡೆ ನಿರಪಾಯಕಾರಿ ಎಂಬುದಕ್ಕೆ ಪುರಾವೆಯೂ ಅಲ್ಲ. ಬೊಜ್ಜು ಮತ್ತು ಕರುಳಿನ ವಾಯು ಹೊಟ್ಟೆಯ ಮೇಲಿನಿಂದ ಮಾಡುವ ಪರೀಕ್ಷೆಯ ಚಿತ್ರವನ್ನು ಮಸುಕಾಗಿಸುತ್ತವೆ. ಫಲಿತಾಂಶವು ಪರೀಕ್ಷಕರ ಅನುಭವವನ್ನೂ ಅವಲಂಬಿಸಿದೆ.

ಬೀದರ್ ಜಿಲ್ಲೆಯ ಸಂದರ್ಭ

ಭಾಲ್ಕಿ ಮತ್ತು ಔರಾದ್ ಪಟ್ಟಣಗಳು ಬೀದರ್ ನಗರದಿಂದ ಸುಮಾರು 40 ಕಿ.ಮೀ. ದೂರದಲ್ಲಿವೆ. ಇಂತಹ ತಾಲ್ಲೂಕು ಕೇಂದ್ರಗಳ ರೋಗಿಗಳಿಗೆ ಸಾಮಾನ್ಯ ಅಲ್ಟ್ರಾಸೌಂಡ್ ಮೊದಲ ಹಂತ. ಗೆಡ್ಡೆ ಕಂಡರೆ ಮುಂದಿನ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಬೀದರ್ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬ್ರಿಮ್ಸ್ ಇದೆ. ಕ್ಯಾನ್ಸರ್ ಚಿಕಿತ್ಸೆಗಾಗಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖಾ ಕೇಂದ್ರವು ಕಲಬುರಗಿಯಲ್ಲಿದೆ. ಹೈದರಾಬಾದಿನ ಆಸ್ಪತ್ರೆಗಳೂ ಜಿಲ್ಲೆಗೆ ಹತ್ತಿರದಲ್ಲಿವೆ. ದೂರದ ಕಾರಣಕ್ಕೆ ಈ ಹಂತದಲ್ಲೇ ತಪಾಸಣೆ ನಿಂತರೆ ರೋಗನಿರ್ಣಯ ಅಪೂರ್ಣವಾಗಿ ಉಳಿಯುತ್ತದೆ. ಕಪ್ಪು ಮಲ, ಕಾರಣ ತಿಳಿಯದ ರಕ್ತಹೀನತೆ ಹಾಗೂ ಮತ್ತೆ ಮತ್ತೆ ಬರುವ ಹೊಟ್ಟೆನೋವು ವೈದ್ಯರ ಗಮನಕ್ಕೆ ತರಬೇಕಾದ ಲಕ್ಷಣಗಳು.

ಚಿಕಿತ್ಸೆ

ಹರಡದ ಜಿಸ್ಟ್‌ಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಅಪಾಯ ಹೆಚ್ಚಿರುವವರಿಗೆ ಆ ನಂತರ ಇಮ್ಯಾಟಿನಿಬ್ ಮಾತ್ರೆಯನ್ನು ಸಾಮಾನ್ಯವಾಗಿ 3 ವರ್ಷ ನೀಡಲಾಗುತ್ತದೆ. ಅಪಾಯದ ಸರಿಯಾದ ಅಂದಾಜು ಈ ನಿರ್ಧಾರಕ್ಕೆ ಆಧಾರ.