ನಿಮಗಿದು ಗೊತ್ತೆ? ಸೌರ ಬಿರುಗಾಳಿಗೂ ಇದೆ ಮುನ್ಸೂಚನೆ!

ಸೂರ್ಯನಿಂದ ಸದಾ ಹೊರಹೊಮ್ಮುವ ವಿದ್ಯುದಾವೇಶದ ಕಣಗಳ ಪ್ರವಾಹವೇ ಸೌರ ಮಾರುತ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದ ಈ ಮಾರುತವು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸುವುದರಿಂದ ಬಾಹ್ಯಾಕಾಶ ಹವಾಮಾನ ರೂಪುಗೊಳ್ಳುತ್ತದೆ.

ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಒಮ್ಮೊಮ್ಮೆ ನೂರಾರು ಕೋಟಿ ಟನ್ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಒಟ್ಟಿಗೇ ಚಿಮ್ಮುತ್ತದೆ. ಅದು ಭೂಮಿಗೆ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. 1989ರ ಮಾರ್ಚ್‌ನಲ್ಲಿ ಇಂಥ ಪ್ಲಾಸ್ಮಾ ಅಪ್ಪಳಿಸಿ ಎದ್ದ ಸೌರ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಸುಮಾರು 90 ಸೆಕೆಂಡುಗಳಲ್ಲಿ ಕುಸಿದು, 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು.

ಅಮೆರಿಕದ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರವು 2011ರಿಂದ ‘ಎನ್ಲಿಲ್’ ಎಂಬ ಕಂಪ್ಯೂಟರ್ ಮಾದರಿಯನ್ನು ಬಳಸುತ್ತಿದೆ. ಚಿಮ್ಮಿದ ಪ್ಲಾಸ್ಮಾದ ವೇಗ, ದಿಕ್ಕು ಹಾಗೂ ಹರವನ್ನು ಆಧರಿಸಿ ಅದು ಭೂಮಿಗೆ ತಲುಪುವ ವೇಳೆಯನ್ನು ಈ ಮಾದರಿ ಲೆಕ್ಕಹಾಕುತ್ತದೆ. ಹಲವು ಗಂಟೆಗಳ ಹೆಚ್ಚುಕಡಿಮೆ ಸಹಜ.

ಪ್ಲಾಸ್ಮಾ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ ಅಪಾಯ ಹೆಚ್ಚು. ಈ ದಿಕ್ಕನ್ನು ಖಚಿತವಾಗಿ ಅಳೆಯುವುದು ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಬಳಿಯಿರುವ ನೌಕೆಗಳು. ಅಲ್ಲಿಂದ ಎಚ್ಚರಿಕೆ ಬಂದ ಮೇಲೆ ಉಳಿಯುವುದು 15ರಿಂದ 60 ನಿಮಿಷ ಮಾತ್ರ. ಇಸ್ರೋದ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲಿದೆ. ಕರೋನಾವನ್ನು ಗಮನಿಸುವ ಅದರ ಮುಖ್ಯ ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.